ನಿಮ್ಮ ತಮ್ಮನ ಪಾಲಿನ ಮೂರು ಗುಟುಕು

ಅಸುನ್ಸಿಯೋನ್
ಆಗಸ್ಟ್ 14

ಪ್ರೀತಿಯ ಸೆಫೆರಿನಾ ಅತ್ತಿಗೆಗೆ,

ಹೇಗಿದ್ದೀರಿ? ಮಂಡಿನೋವು ಹೇಗಿದೆ? ನಾನು ಹೆಣೆದು ಕಳಿಸಿದ ಉಣ್ಣೆಯ ಕಾಲುಚೀಲ ಹಾಕಿಕೊಳ್ಳುತ್ತಿದ್ದೀರೋ, ಇಲ್ಲ ಒಳ್ಳೆಯ ದಿನಕ್ಕೆ ಇರಲಿ ಎಂದು ಅದನ್ನೂ ಟ್ರಂಕಿನಲ್ಲಿ ಎತ್ತಿಟ್ಟಿದ್ದೀರೋ? ಬ್ಯೂನಸ್ ಐರಿಸ್ಸಿನ ಚಳಿ ಟ್ರಂಕಿನೊಳಗೆ ಬರುವುದಿಲ್ಲ ಅತ್ತಿಗೆ, ಕಾಲಿಗೇ ಬರುತ್ತದೆ. ನಿಮ್ಮ ಕಿವಿಯ ಸುದ್ದಿ ಮಾತ್ರ ಕೇಳುವ ಹಾಗೇ ಇಲ್ಲ, ಹೋದ ವಾರವೇ ಗೊತ್ತಾಯಿತು. ಫೋನಿನಲ್ಲಿ ಗಂಟಲು ಹರಿಯುವ ಹಾಗೆ ಕೂಗಿದೆ, 'ನಿಮ್ಮ ತಮ್ಮ ಲಿಬ್ರಾದೋ ಆಸ್ಪತ್ರೇಲಿದಾರೆ, ಈಗ ಪರವಾಗಿಲ್ಲ' ಅಂತ. ನೀವು 'ಬಹಳ ಸಂತೋಷ ಕಣೇ, ಹುಡುಗಿ ಕಡೆಯವರಿಗೂ ನನ್ನ ಆಶೀರ್ವಾದ ಹೇಳು' ಎಂದು ಫೋನು ಇಟ್ಟುಬಿಟ್ಟಿರಿ. ಯಾವ ಮದುವೆಗೆ ಆಶೀರ್ವಾದ ಮಾಡಿದಿರೋ ನನಗೆ ಇನ್ನೂ ಗೊತ್ತಾಗಿಲ್ಲ. ಅದಕ್ಕೇ ಈ ಕಾಗದ, ದೂರದ ಬಸ್ಸಿನ ಡ್ರೈವರ್ ಎಪಿಫಾನಿಯೋನ ಕೈಯಲ್ಲಿ ಕಳಿಸುತ್ತಿದ್ದೇನೆ. ಓದುವ ಮುಂಚೆಯೇ ಹೇಳಿಬಿಡುತ್ತೇನೆ, ಎದೆ ಹಿಡಿದುಕೊಳ್ಳಬೇಡಿ. ನಿಮ್ಮ ತಮ್ಮ ಬದುಕಿದ್ದಾರೆ, ಕೋಲು ಹಿಡಿದು ನಡೆಯುತ್ತಾರೆ, ಈ ಹೊತ್ತಿನಲ್ಲಿ ಅಂಗಳದ ಮಾವಿನ ಮರದ ಕೆಳಗೆ ಕೂತು ನನ್ನನ್ನು ಬೈಯಲು ಮಾತು ಹುಡುಕುತ್ತಿದ್ದಾರೆ.

ಆಗಿದ್ದು ಇಷ್ಟು. ಜುಲೈ ತಿಂಗಳ ಕೊನೆಯ ದಿನ ದಕ್ಷಿಣದ ಗಾಳಿ ಕೊರೆಯುತ್ತಿತ್ತು, ಆದರೂ ಇವರು ಕ್ಷೌರದ ಕುರ್ಚಿಯನ್ನು ಮರದ ಕೆಳಗೇ ಹಾಕಿದ್ದರು. ಒಳಗೆ ಹಾಕಿಕೊಳ್ಳಿ ಎಂದರೆ, ಬೀದಿ ಕಾಣದಿದ್ದರೆ ಗಿರಾಕಿ ಕತ್ತು ನೆಟ್ಟಗೆ ಇಡುವುದಿಲ್ಲ ಎನ್ನುತ್ತಾರೆ. ಕುರ್ಚಿಯಲ್ಲಿದ್ದವನು ಪಾನ್ಫಿಲೋ, ಇವರ ಜೀವದ ಗೆಳೆಯ. ನಿಮಗೆ ನೆನಪಿರಬೇಕು, ಹಿಂದಿನ ಸಲ ನೀವು ಬಂದಿದ್ದಾಗ ಮಾತಾಡುತ್ತ ಮಾತಾಡುತ್ತ ನಮ್ಮ ಸಕ್ಕರೆ ಡಬ್ಬಿ ಖಾಲಿ ಮಾಡಿದ ಆ ಲಾರಿಯವನು. ಮಾರನೆಯ ದಿನ ಆಗಸ್ಟ್ ಒಂದು, ಕೆಟ್ಟ ತಿಂಗಳಿಗೆ ಹಳೆಯ ಮುಖ ತೋರಿಸಬಾರದು ಎಂದು ಮೀಸೆ ತೆಗೆಸಲು ಬಂದಿದ್ದ. ಬಲಗಡೆಯ ಮೀಸೆ ಹೋಗಿತ್ತು, ಎಡಗಡೆಯದು ಬಾಕಿ ಇತ್ತು. ಅಷ್ಟರಲ್ಲಿ ಇವರ ಕೈಯಿಂದ ಕತ್ತಿ ಜಾರಿ ಅವನ ಮಡಿಲಿಗೇ ಬಿತ್ತು. 'ಲೋ ಮುದುಕಾ, ಮೀಸೆ ತೆಗಿ ಅಂದ್ರೆ ವಂಶಾನೇ ತೆಗೀತೀಯೇನೋ' ಎಂದು ಪಾನ್ಫಿಲೋ ಅಬ್ಬರಿಸಿದ್ದು ನನಗೆ ಅಡುಗೆಮನೆಗೆ ಕೇಳಿಸಿತು. ಆಮೇಲೆ ಸದ್ದೇ ಇಲ್ಲ. ಹೊರಗೆ ಓಡಿ ಬಂದು ನೋಡಿದರೆ ಇವರ ಬಾಯಿ ಒಂದು ಕಡೆಗೆ ಇಳಿದಿದೆ, ಬಲಗೈ ಒದ್ದೆ ಬಟ್ಟೆಯ ಹಾಗೆ ನೇತಾಡುತ್ತಿದೆ, ಮಾತಾಡಿಸಿದರೆ 'ತಾ, ತಾ, ತಾ' ಅಷ್ಟೇ. ಮಾರುಕಟ್ಟೆಯಲ್ಲಿ ಊರ ನೋವಿಗೆಲ್ಲ ಬೇರು ಸೊಪ್ಪು ಕುಟ್ಟಿಕೊಡುವ ನನಗೆ ಆ ಗಳಿಗೆಯಲ್ಲಿ ಒಂದು ಸೊಪ್ಪಿನ ಹೆಸರೂ ನೆನಪಿಗೆ ಬರಲಿಲ್ಲ. ಅದೇ ಒಳ್ಳೆಯದಾಯಿತು, ಏನನ್ನೂ ಕುಡಿಸಲಿಲ್ಲ. ಪಾನ್ಫಿಲೋ ಇವರನ್ನು ಜೋಳದ ಮೂಟೆಯ ಹಾಗೆ ಹೆಗಲಿಗೆ ಹಾಕಿಕೊಂಡು ಲಾರಿಯಲ್ಲಿ ಕೂರಿಸಿ, ಹಾರನ್ನಿನಿಂದ ಕೈ ತೆಗೆಯದೆ ದೊಡ್ಡಾಸ್ಪತ್ರೆಗೆ ಹೊಡೆದ. ನಡುವೆ ಪೊಲೀಸಿನವನೊಬ್ಬ ಕೈ ಅಡ್ಡ ಹಿಡಿದ. ಮುಖ ತುಂಬ ನೊರೆ, ಅರ್ಧ ಮೀಸೆ, ಕೊರಳಲ್ಲಿ ಕ್ಷೌರದ ಬಟ್ಟೆ ಕಟ್ಟಿಕೊಂಡ ಮನುಷ್ಯನನ್ನು ನೋಡಿ ತಾನೇ ಪಕ್ಕಕ್ಕೆ ಸರಿದ.

ಆಸ್ಪತ್ರೆಯಲ್ಲಿ ನಮಗೆ ಸಿಕ್ಕಿದವರು ಡಾಕ್ಟರ್ ಸುನಿಲ್ದಾ ಎಂಬ ಹೆಣ್ಣುಮಗಳು. ನೋಡಿದರೆ ಇನ್ನೂ ಕಾಲೇಜಿನ ಹುಡುಗಿ, ಆದರೆ ದನಿ ಶಾಲೆಯ ಮೇಷ್ಟರದು. ಮಿದುಳಿಗೆ ಹೋಗುವ ದೊಡ್ಡ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿದೆ, ತೊಡೆಸಂದಿಯಿಂದ ಸಣ್ಣ ತಂತಿ ಬಿಟ್ಟು ತಲೆಯವರೆಗೂ ಹೋಗಿ ಅದನ್ನು ಎಳೆದು ತೆಗೆಯುತ್ತೇವೆ ಎಂದರು. ತೊಡೆಯಿಂದ ತಲೆಗೆ! ಬಾವಿಗೆ ಬಿದ್ದ ಕೊಡ ತೆಗೆಯುವುದನ್ನು ನೋಡಿದ್ದೆ, ಇದನ್ನು ಕೇಳಿರಲಿಲ್ಲ. ಆದರೆ ತೆಗೆದರು ಅತ್ತಿಗೆ. ಮಧ್ಯಾಹ್ನದ ಊಟದ ಹೊತ್ತು ಮುಗಿಯುವಷ್ಟರಲ್ಲಿ ಹೆಪ್ಪು ಹೊರಗೆ ಬಂದಿತ್ತು, ಒಂದು ಸಣ್ಣ ಬಟ್ಟಲಲ್ಲಿ, ನೆನೆದ ಮೆಂತ್ಯದ ಕಾಳಿನಷ್ಟು ಇತ್ತಂತೆ. ನಾನು ಕುಣಿಯುವುದೊಂದು ಬಾಕಿ. ಡಾಕ್ಟರ್ ಅಮ್ಮ ಮಾತ್ರ ನಗಲಿಲ್ಲ. 'ಅಮ್ಮಾ, ಇನ್ನೂ ಖುಷಿ ಪಡ್ಬೇಡಿ. ಅಡ್ಡ ಇದ್ದಿದ್ದು ತೆಗೆದಾಯ್ತು, ಈಗ ನಂಗೆ ಭಯ ಇರೋದು ರಕ್ತಸ್ರಾವದ್ದು' ಎಂದರು. ನನಗೆ ಅರ್ಥವಾಗಲಿಲ್ಲ. ಅಡ್ಡ ಹೋದ ಮೇಲೆ ಇನ್ನೇನು ಭಯ? ಆಗ ಅವರು ನಮ್ಮ ಬೀದಿಯ ನಲ್ಲಿ ನೀರಿನ ಮಾತೇ ಎತ್ತಿದರು. ಕಟ್ಟಿಕೊಂಡಿದ್ದ ಪೈಪನ್ನು ಬಿಡಿಸಿದಾಗ ನೀರು ಒಮ್ಮೆಲೇ ಜೋರಾಗಿ ನುಗ್ಗುತ್ತದಲ್ಲ, ಅಷ್ಟು ಹೊತ್ತು ಒಣಗಿ ನಿಂತಿದ್ದ ಹಳೆಯ ಪೈಪು ಆ ಜೋರಿಗೆ ತಡೆಯದೆ ಮುಂದೆಲ್ಲೋ ಒಡೆಯಬಹುದಲ್ಲ, ಹಾಗೇ ಇದೂ. ರಕ್ತ ಸಿಗದೆ ಸೊರಗಿದ ಜಾಗ ಈಗ ಬಹಳ ಮೆತ್ತಗಿರುತ್ತದೆ, ಅಲ್ಲಿ ರಕ್ತ ಒಸರಿದರೆ ತೆಗೆದ ಹೆಪ್ಪಿಗಿಂತ ಅದು ದೊಡ್ಡ ಕಂಟಕ. ಮೊದಲ ಒಂದು ದಿನ ದಾಟಬೇಕು ಎಂದರು.

ಆ ಒಂದು ದಿನವನ್ನು ನಾನು ಹೇಗೆ ಕಳೆದೆ ಎಂದು ಬರೆಯಲು ನನಗೆ ಬರುವುದಿಲ್ಲ. ಭಯವಾಗಿತ್ತು, ಅಷ್ಟೇ. ಚಿಕಿತ್ಸೆ ಮುಗಿದ ಮೇಲೆ ತೆಗೆದ ತಲೆಯ ಚಿತ್ರದಲ್ಲಿ ಒಂದು ಬಿಳಿಯ ಕಲೆ ಕಂಡಿತ್ತು. ಅದು ರಕ್ತವೂ ಇರಬಹುದು, ರಕ್ತನಾಳ ಕಾಣಲಿ ಎಂದು ಅವರೇ ಬಿಟ್ಟ ಔಷಧಿಯ ಬಣ್ಣವೂ ಇರಬಹುದು, ಎರಡೂ ಚಿತ್ರದಲ್ಲಿ ಬೆಳ್ಳಗೇ ಕಾಣುತ್ತವಂತೆ. ಮಾರನೆಯ ದಿನ ಮಧ್ಯಾಹ್ನ ಇನ್ನೊಂದು ಚಿತ್ರ ತೆಗೆದಾಗ ಮಾಸಿದ್ದರೆ ಬಣ್ಣ, ಹರಡಿದ್ದರೆ ರಕ್ತ. ಅಲ್ಲಿಯವರೆಗೆ ರಕ್ತದೊತ್ತಡ ನೂರ ಎಂಬತ್ತು ದಾಟಬಾರದು, ತೀರ ಇಳಿಯಲೂ ಬಾರದು. ತಂತಿ ಹೋದ ಕಾಲನ್ನು ಮಡಿಸಬಾರದು, ಮಡಿಸಿದರೆ ಅಲ್ಲೂ ರಕ್ತ. ರಕ್ತ ತೆಳುವಾಗುವ ಯಾವ ಮಾತ್ರೆಯೂ ಇಲ್ಲ. ಗಂಟಲು ನುಂಗುತ್ತದೋ ಇಲ್ಲವೋ ನೋಡುವವರೆಗೆ ಬಾಯಿಗೆ ಒಂದು ಹನಿ ನೀರೂ ಇಲ್ಲ. ಬೆಳಿಗ್ಗೆ ಇವರು ಕುಡಿದ ಕಷಾಯದಲ್ಲಿ ಏನೇನು ಹಾಕಿದ್ದಿರಿ ಎಂದು ಡಾಕ್ಟರ್ ಅಮ್ಮ ಕೇಳಿದರು. ನಾನು ಹೆಸರು ಹೇಳುತ್ತಾ ಹೋದೆ, ಅವರು ಬರೆಯುತ್ತಾ ಹೋದರು, ಕೊನೆಗೆ ಪೆನ್ನು ಕೆಳಗಿಟ್ಟು 'ಅಮ್ಮಾ, ನೀವು ಗಂಡನಿಗೆ ಕುಡಿಸಿದ್ದು ಕಷಾಯಾನೋ ಕಾಡೋ' ಎಂದರು. ಕಷ್ಟದಲ್ಲೂ ನನಗೆ ನಗು ಬಂತು.

ಈಗ ಆಗಸ್ಟ್ ಒಂದರ ಬೆಳಗಿನ ಕಥೆ ಕೇಳಿ. ಎಂಟು ಗಂಟೆಗೆ ನನ್ನನ್ನು ಒಳಗೆ ಬಿಟ್ಟರು. ಇವರಿಗೆ ಎಚ್ಚರ ಇತ್ತು, ಕಣ್ಣು ಚುರುಕಾಗಿತ್ತು, ಮಾತು ಮಾತ್ರ ಇಲ್ಲ. ನನ್ನನ್ನು ನೋಡಿದವರೇ ಎಡಗೈ ಎತ್ತಿ ಮೂರು ಬೆರಳು ತೋರಿಸಿದರು. ಮತ್ತೆ ಮತ್ತೆ ಮೂರು ಬೆರಳು. ಕೇಳಿದ್ದು ಸಿಗದಿದ್ದಕ್ಕೆ ಸಿಟ್ಟು, ಸಿಟ್ಟಿಗೆ ಮುಖ ಕೆಂಪು, ಯಂತ್ರದಲ್ಲಿ ಒತ್ತಡದ ಅಂಕಿ ಏರುತ್ತಾ ನೂರ ಎಪ್ಪತ್ತು ದಾಟಿತು. ನರ್ಸಮ್ಮ 'ಮೂರು ಮಕ್ಕಳನ್ನ ಕೇಳ್ತಿದಾರಾ?' ಎಂದರು. ನಮಗಿರುವುದು ಒಬ್ಬಳೇ. ಪಕ್ಕದ ಹಾಸಿಗೆಗೆ ಪ್ರಾರ್ಥನೆಗೆ ಬಂದಿದ್ದ ಪಾದ್ರಿ 'ಪಿತ, ಪುತ್ರ, ಪವಿತ್ರಾತ್ಮ ಅಂತಿದಾರಮ್ಮ, ಎಂಥ ಭಕ್ತಿ' ಎಂದು ಕಣ್ಣೊರೆಸಿಕೊಂಡರು. ನಿಮ್ಮ ತಮ್ಮನ ಭಕ್ತಿ ನಿಮಗೆ ಗೊತ್ತಲ್ಲ! ನನಗೆ ಅರ್ಥವಾಗಿತ್ತು ಅತ್ತಿಗೆ. ಕಬ್ಬಿನ ಸಾರಾಯಿ, ನಾಗದಾಳಿ ಸೊಪ್ಪು, ನಿಂಬೆಹಣ್ಣು ಹಾಕಿ ನೀವು ವರ್ಷ ವರ್ಷ ಬಸ್ಸಿನಲ್ಲಿ ಕಳಿಸುವ ಬಾಟಲಿ. ಆಗಸ್ಟ್ ಒಂದರ ಬೆಳಿಗ್ಗೆ ಖಾಲಿ ಹೊಟ್ಟೆಗೆ ಮೂರು ಗುಟುಕು ಕುಡಿಯದಿದ್ದರೆ ಈ ತಿಂಗಳು ಬಡಕಲು ದನವನ್ನೂ ಬಡಕಲು ಮನುಷ್ಯನನ್ನೂ ಎತ್ತಿಕೊಂಡು ಹೋಗುತ್ತದೆ ಎಂದು ನಂಬಿ ಬೆಳೆದವರು ಇವರು. ಹಾಲು ಹಲ್ಲು ಬಿದ್ದಂದಿನಿಂದ ಒಂದು ವರ್ಷವೂ ತಪ್ಪಿಸಿದವರಲ್ಲ. ಈಗ ಅರ್ಧ ದೇಹ ಬಿದ್ದಿದೆ, ಆಗಸ್ಟ್ ಬಾಗಿಲಲ್ಲಿ ನಿಂತಿದೆ, ಗುಟುಕು ಸಿಕ್ಕಿಲ್ಲ.

ನನಗೆ ಅರ್ಥವಾದದ್ದು ಪಾನ್ಫಿಲೋಗೂ ಅರ್ಥವಾಗಿತ್ತು, ಅದೇ ತಾಪತ್ರಯ. ಹೊಸ ಅಂಗಿ, ಎಣ್ಣೆ ಹಾಕಿದ ಕೂದಲು, ಅದೇ ಅರ್ಧ ಮೀಸೆ ಹೊತ್ತುಕೊಂಡು ಒಳಗೆ ಬಂದ. 'ಅದನ್ನಾದ್ರೂ ತೆಗೆಸಿಕೊಂಡು ಬರಬಾರದಿತ್ತೇನೋ' ಎಂದರೆ 'ಶುರು ಮಾಡಿದವನೇ ಮುಗಿಸ್ಬೇಕು ದೆಯೋಲಿಂದಕ್ಕಾ, ಬೇರೆಯವನ ಕೈ ತಾಕಿಸಿದ್ರೆ ನನ್ನ ಗೆಳೆಯನಿಗೆ ಅಪಶಕುನ' ಎಂದ. ಜೇಬಿನಿಂದ ಕ್ಷೌರವಾದ ಮೇಲೆ ಹಚ್ಚುವ ನೀರಿನ ಬಾಟಲಿ ತೆಗೆದ. ನಾನು ಪಾಪ, ಗೆಳೆಯನ ಮುಖಕ್ಕೆ ಹಚ್ಚಲು ತಂದಿದ್ದಾನೆ ಎಂದುಕೊಂಡೆ. ನೋಡಿದರೆ ಮುಚ್ಚಳಕ್ಕೆ ಬಗ್ಗಿಸಿಕೊಂಡು ಇವರ ತುಟಿಯ ಹತ್ತಿರ ಹಿಡಿದೇಬಿಟ್ಟ. ನಮ್ಮ ಮನೆಯ ಬೀರುವಿನಿಂದ ನಿಮ್ಮ ಬಾಟಲಿ ತೆಗೆದು ಅದರೊಳಗೆ ತುಂಬಿಸಿಕೊಂಡು ಬಂದಿದ್ದ! ಇವರು ಹಕ್ಕಿಮರಿಯ ಹಾಗೆ ಬಾಯಿ ತೆರೆದರು. ನಾನು ಪಾನ್ಫಿಲೋನ ಮಣಿಕಟ್ಟು ಹಿಡಿದು ತಿರುಚಿದೆ. ನಲವತ್ತು ವರ್ಷ ಒರಳಲ್ಲಿ ಕುಟ್ಟಿದ ಕೈ ನನ್ನದು, ಲಾರಿಯವನು ಅಯ್ಯೋ ಎಂದ. ಸಾರಾಯಿ ಹೊದಿಕೆಯ ಮೇಲೆ ಚೆಲ್ಲಿ ಇಡೀ ವಾರ್ಡು ನಿಂಬೆಹಣ್ಣಿನ ವಾಸನೆ ಹೊಡೆಯಿತು. 'ಪ್ರಾಣಸ್ನೇಹಿತನ್ನ ಕೊಲ್ತೀಯೇನೋ' ಎಂದು ನಾನು, 'ಕುಡಿಸದೆ ಕೊಲ್ತಿರೋದು ನೀನಕ್ಕಾ' ಎಂದು ಅವನು. ಇವರ ಕಣ್ಣಲ್ಲಿ ನೀರು, ಯಂತ್ರ ಕೂಗಲು ಶುರು. ಡಾಕ್ಟರ್ ಅಮ್ಮ ಓಡಿ ಬಂದರು.

ನಮ್ಮಿಬ್ಬರನ್ನೂ ಹೊರಗೆ ಹಾಕುತ್ತಾರೆ ಎಂದುಕೊಂಡಿದ್ದೆ. ಅವರು ಮೊದಲು ಇವರಿಗೆ ಒತ್ತಡ ಇಳಿಸುವ ಔಷಧಿ ಏರಿಸಿದರು, ಆಮೇಲೆ ಹೊದಿಕೆ ಮೂಸಿ 'ನಾಗದಾಳಿ ಜಾಸ್ತಿ ಹಾಕಿದೀರ, ನಮ್ಮಮ್ಮನೂ ಹೀಗೇ' ಎಂದರು! ಅವರೂ ಹಳ್ಳಿಯಿಂದ ಬಂದವರೇ, ಬೆಳಿಗ್ಗೆ ತಾಯಿ ಕುಡಿಸದೆ ಕೆಲಸಕ್ಕೆ ಬಿಟ್ಟಿರಲಿಲ್ಲವಂತೆ, 'ಒಂದೇ ಗುಟುಕು, ನಾಲಿಗೆ ತುದಿಗೆ' ಎಂದು ನರ್ಸಮ್ಮನ ಮುಖ ನೋಡಿ ಬೇಗ ಸೇರಿಸಿದರು. ಆದರೆ ಇವರ ಹತ್ತಿರ ಬಗ್ಗಿ ಖಡಾಖಂಡಿತವಾಗಿ ಹೇಳಿದರು, 'ಅಜ್ಜಾ, ಇವತ್ತು ಬಾಯಿಗೆ ಏನೂ ಇಲ್ಲ. ಗಂಟಲು ತಪ್ಪಿ ಶ್ವಾಸಕೋಶಕ್ಕೆ ಹೋಗುತ್ತೆ. ಸಾರಾಯಿ ಅಂತೂ ಬೇಡವೇ ಬೇಡ, ತಲೇಲಿ ರಕ್ತ ಬಂದ್ರೆ ನಾನು ಇನ್ನೊಂದು ಸಲ ತಂತಿ ಬಿಟ್ಟು ತೆಗೆಯೋಕಾಗಲ್ಲ.' ಇವರು ಎಡಗೈಯ ಮೂರು ಬೆರಳನ್ನು ಅವರ ಮೂಗಿನ ಹತ್ತಿರ ಹಿಡಿದರು. ಮೊಂಡು ಅಂದರೆ ಮೊಂಡು, ನಿಮ್ಮ ಮನೆತನದ್ದು. ಆಗ ನಾನು ಅಂದೆ, 'ರೀ, ನಿಮ್ಮ ಪಾಲಿಂದು ನಾನು ಕುಡೀತೀನಿ. ನಿಮ್ಮ ಕಣ್ಣೆದುರಿಗೇ ಕುಡೀತೀನಿ. ಮೂವತ್ತೆಂಟು ವರ್ಷ ನಿಮ್ಮ ಎಂಜಲು ತಟ್ಟೇಲಿ ಉಂಡಿದೀನಿ, ಆಗಸ್ಟಿಗೆ ನಮ್ಮಿಬ್ಬರಲ್ಲಿ ಏನು ಭೇದ ಗೊತ್ತಾಗುತ್ತೆ?' ಇವರು ನನ್ನನ್ನೂ ಬಾಟಲಿಯನ್ನೂ ಒಮ್ಮೆ ನೋಡಿದರು. ಬೆರಳು ಕೆಳಗಿಳಿಯಿತು. ವಾರ್ಡಿನೊಳಗೆ ಬೇಡ, ಗಾಜಿನ ಬಾಗಿಲ ಹೊರಗೆ ನಿಂತುಕೊಳ್ಳಿ, ಅಜ್ಜನಿಗೆ ಕಾಣುತ್ತೆ ಎಂದರು ಡಾಕ್ಟರ್ ಅಮ್ಮ. ಬಾಟಲಿಯೊಳಗಿನ ನಾಗದಾಳಿಯ ಕಡ್ಡಿ ತೊಳೆದು ಇವರ ಎಡಗೈಗೆ ಕೊಟ್ಟೆವು, ಮೂಸಲು ಅಡ್ಡಿಯಿಲ್ಲ ಎಂದಿದ್ದರು.

ಗಾಜಿನಾಚೆ ನಿಂತು ಇವರ ಪಾಲಿನ ಮೂರು ಗುಟುಕು ಕುಡಿದೆ. ಇವರು ಒಂದೊಂದಕ್ಕೂ ತಲೆಯಾಡಿಸಿ ಲೆಕ್ಕ ಹಿಡಿದರು. ಮುಗಿಯಿತು ಎಂದು ಬಾಯೊರೆಸಿಕೊಂಡರೆ ಮತ್ತೆ ಮೂರು ಬೆರಳು, ನನ್ನತ್ತ ತೋರಿಸುತ್ತಿದ್ದಾರೆ. ನನ್ನ ಪಾಲಿನದು ಬಾಕಿ ಇತ್ತಲ್ಲ! ಹೆಂಡತಿಯನ್ನೂ ಆಗಸ್ಟಿಗೆ ಬಿಟ್ಟುಕೊಡಲು ಮನಸ್ಸಿಲ್ಲ ಎಂದು ನನಗೆ ಅಲ್ಲೇ ಅಳು ಬಂತು, ಅಳುತ್ತಲೇ ಇನ್ನೂ ಮೂರು ಕುಡಿದೆ. ಹಿಂದಿನ ದಿನದಿಂದ ಹೊಟ್ಟೆಗೆ ಏನೂ ಇರಲಿಲ್ಲ. ಆಮೇಲೆ ನಡೆದದ್ದಕ್ಕೆ ನಾನು ಜವಾಬ್ದಾರಳಲ್ಲ. ಆ ಪಾದ್ರಿಗೆ 'ನಿಮ್ಮ ಮೂಗು ಬಹಳ ಲಕ್ಷಣವಾಗಿದೆ' ಎಂದೆನಂತೆ. ಇವರ ಒತ್ತಡ ನೂರ ನಲವತ್ತಕ್ಕೆ ಇಳಿದು ಅಲ್ಲೇ ನಿಂತಿತು. ಪಾನ್ಫಿಲೋ ಅದು ನಾಗದಾಳಿಯ ಮಹಿಮೆ ಎಂದ, ಡಾಕ್ಟರ್ ಅಮ್ಮ ತಮ್ಮ ಔಷಧಿ ಎಂದರು. ಇಳಿದದ್ದಂತೂ ನಿಜ.

ಮಧ್ಯಾಹ್ನ ಎರಡನೆಯ ಚಿತ್ರ ತೆಗೆಯಲು ಕರೆದುಕೊಂಡು ಹೋದರು. ನನಗೆ ಅಷ್ಟು ಹೊತ್ತಿಗೆ ಅಮಲೆಲ್ಲ ಇಳಿದಿತ್ತು. ಪಾನ್ಫಿಲೋ ಗೋಡೆಗೊರಗಿ ಅರ್ಧ ಮೀಸೆ ತಿರುವುತ್ತಿದ್ದ. ಡಾಕ್ಟರ್ ಅಮ್ಮ ಬಂದು ನನ್ನ ಪಕ್ಕದಲ್ಲೇ ಬೆಂಚಿನ ಮೇಲೆ ಕೂತರು. 'ಕಲೆ ಮಾಸಿದೆ ಅಮ್ಮಾ. ಬಣ್ಣವೇ ಅದು. ಅಂಚಲ್ಲಿ ಸಾಸಿವೆ ಕಾಳಿನಷ್ಟು ರಕ್ತ ಒಸರಿದೆ, ಹರಡಿಲ್ಲ, ಅಲ್ಲೇ ನಿಂತಿದೆ' ಎಂದರು. ಅವರ ಹೆಗಲ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಪಾನ್ಫಿಲೋ ನನಗಿಂತ ಜೋರಾಗಿ ಅತ್ತ, ಅರ್ಧ ಮೀಸೆಯೆಲ್ಲ ಒದ್ದೆ.

ಮನೆಗೆ ಬಂದು ಐದು ದಿನವಾಯಿತು. ತಂತಿ ಹೋದ ಜಾಗದಿಂದ ಮಂಡಿಯವರೆಗೆ ಚರ್ಮ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು, ಈಗ ಹಳದಿಯಾಗುತ್ತಿದೆ; ಬಂದವರಿಗೆಲ್ಲ ಹೊದಿಕೆ ಎತ್ತಿ ತೋರಿಸುತ್ತಾರೆ, ನಾಚಿಕೆಯೆಂಬುದೇ ಇಲ್ಲ. ಬಲಗೈ ಬಾಚಣಿಗೆ ಹಿಡಿಯುತ್ತದೆ, ಕತ್ತಿ ಹಿಡಿಯಲು ಇನ್ನೂ ದಿನ ಬೇಕು. ಒಂದೊಂದೇ ಮಾತು ಬರುತ್ತಿದೆ, ಬೈಗುಳಗಳು ಮೊದಲು ಬಂದವು. ಮೊನ್ನೆ ಪಾನ್ಫಿಲೋ ಬಂದು ಮೀಸೆಯ ದೆಸೆಯಿಂದ ಹೆಂಡತಿ ತನ್ನನ್ನು ಊಟಕ್ಕೆ ಗೋಡೆ ಕಡೆ ತಿರುಗಿಸಿ ಕೂರಿಸುತ್ತಾಳೆ ಎಂದು ಗೋಳು ಹೇಳಿಕೊಂಡಾಗ ಇವರು ಬಾಯಿ ತುಂಬ ನಕ್ಕರು. ಎರಡೂ ಕಡೆಯ ತುಟಿ ಏರಿತು ಅತ್ತಿಗೆ, ನಾನು ಕಣ್ಣಾರೆ ನೋಡಿದೆ.

ಈಗ ಉಳಿದಿರುವುದು ಒಂದೇ ವಿಷಯ. ಈ ಹೆಪ್ಪು ಬಂದದ್ದು ಹೃದಯದಿಂದಂತೆ. ಇವರ ಎದೆಬಡಿತ ತಾಳ ತಪ್ಪಿ ಓಡುತ್ತದೆ, ಅದರಿಂದ ರಕ್ತ ಒಂದು ಮೂಲೆಯಲ್ಲಿ ನಿಂತು ಗಟ್ಟಿಯಾಗುತ್ತದೆ. ಮತ್ತೆ ಹಾಗಾಗದಿರಲು ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಮಾತ್ರೆ ಕೊಟ್ಟಿದ್ದಾರೆ. ಆ ಸಾಸಿವೆ ಕಾಳಿನ ಗಾಯ ಮಾಯಲಿ ಎಂದು ಎರಡು ವಾರ ಕಾದಿದ್ದಾಯಿತು, ನೆನ್ನೆ ಮತ್ತೆ ಚಿತ್ರ ತೆಗೆದು ನೋಡಿ ನಾಳೆ ರಾತ್ರಿಯಿಂದ ಶುರು ಮಾಡಿ ಎಂದಿದ್ದಾರೆ. ಇವರು ತಲೆ ಅಲ್ಲಾಡಿಸುತ್ತಿದ್ದಾರೆ. 'ರಕ್ತ... ಬೇಡ... ಬೇಡ' ಅಷ್ಟೇ ಮಾತು. ತಪ್ಪು ಹೇಳುವ ಹಾಗೂ ಇಲ್ಲ. ರಕ್ತ ಬರುತ್ತದೆ, ರಕ್ತ ಬರುತ್ತದೆ ಎಂದು ಎರಡು ವಾರ ಎಲ್ಲರೂ ಸೇರಿ ಹೆದರಿಸಿ, ಈಗ ರಕ್ತ ತೆಳುವಾಗುವ ಮಾತ್ರೆ ನುಂಗು ಎಂದರೆ ಯಾರು ನುಂಗುತ್ತಾರೆ? ಡಾಕ್ಟರ್ ಅಮ್ಮ ಏನೂ ಮುಚ್ಚಿಡಲಿಲ್ಲ. ರಕ್ತಸ್ರಾವದ ಅಪಾಯ ಸ್ವಲ್ಪ ಇದ್ದೇ ಇದೆ, ಆದರೆ ನುಂಗದಿದ್ದರೆ ಇನ್ನೊಂದು ಹೆಪ್ಪು ಬರುವ ಅಪಾಯ ಅದಕ್ಕಿಂತ ದೊಡ್ಡದು, ಇನ್ನೊಂದು ಸಲ ಲಾರಿ ಅಷ್ಟು ಬೇಗ ಸಿಗದೆ ಇರಬಹುದು ಎಂದರು. ತಡೆಯಲಾಗದ ತಲೆನೋವು, ವಾಂತಿ, ಕಪ್ಪು ಮಲ, ವಸಡಿನಲ್ಲಿ ರಕ್ತ ಕಂಡರೆ ತಕ್ಷಣ ಬನ್ನಿ ಎಂದರು. ಮಾತ್ರೆಯ ಜೊತೆ ನನ್ನ ಬೇರು ಸೊಪ್ಪು ಒಂದೂ ಸೇರಬಾರದು, ಅವುಗಳಲ್ಲಿ ಕೆಲವು ರಕ್ತವನ್ನು ಇನ್ನೂ ತೆಳುಮಾಡುತ್ತವಂತೆ. ಸರಿ, ಊರಿಗೆಲ್ಲ ಕುಟ್ಟುತ್ತೇನೆ, ಗಂಡನಿಗೆ ಬರೀ ನೀರು. ನಿಮ್ಮ ಮನೆತನದಲ್ಲಿ ಬೇರೆ ಯಾರಿಗಾದರೂ ಹೀಗೆ ಎದೆ ಓಡುತ್ತದೆಯೇ ಎಂದೂ ಕೇಳಿದರು. ನಿಮ್ಮ ಹೆಸರು ಹೇಳಿದೆ.

ನಾಳೆ ಊರಿನ ಹಬ್ಬ. ಬಿಸಿ ಚಿಪಾ ರೊಟ್ಟಿ ಸುಟ್ಟು ಈ ಕಾಗದದ ಜೊತೆಗೇ ಕಟ್ಟಿದ್ದೇನೆ, ಗಿಣ್ಣು ಹೆಚ್ಚಾಗಿಯೇ ಹಾಕಿದ್ದೇನೆ. ಪಾನ್ಫಿಲೋ ನಿಮಗೆ ನಮಸ್ಕಾರ ತಿಳಿಸಿದ್ದಾನೆ. ನಿಮ್ಮ ತಮ್ಮ ನಿಮ್ಮ ಕೈಗೆ ಮುತ್ತು ಕೊಟ್ಟರು ಎಂದು ಬರೆಯಲು ಹೇಳಿದರು, ಬೆರಳಿನಿಂದ ತೋರಿಸಿ. ತಾಯಿ ಮೇರಿ ನಿಮ್ಮ ಮಂಡಿಯನ್ನೂ ಕಿವಿಯನ್ನೂ ಕಾಪಾಡಲಿ.

ನಿಮ್ಮ ಪ್ರೀತಿಯ,
ದೆಯೋಲಿಂದಾ

ತಾ.ಕ.: ಬಸ್ಸು ಹೊರಡುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಕಾಗದವನ್ನು ಇವರಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, ಮಾತ್ರೆಯನ್ನು ನನ್ನ ಕೈಗೆ ವಾಪಸು ಕೊಟ್ಟು, ಬಹಳ ಕಷ್ಟಪಟ್ಟು ಮೂರು ಮಾತು ಜೋಡಿಸಿದರು: 'ಅಕ್ಕ... ಮೊದಲು... ನುಂಗಲಿ.' ಈಸ್ಟರಿಗೆ ನೀವು ಬರೆದದ್ದು ಇವರಿಗೆ ಮರೆತಿಲ್ಲ. ನಿಮ್ಮ ಡಾಕ್ಟರು ಇದೇ ಮಾತ್ರೆ ಕೊಟ್ಟಿದ್ದರು, ರಕ್ತ ಹರಿದು ಸಾಯುತ್ತೇನೆ ಎಂದು ಹೆದರಿ ನೀವು ಅದನ್ನು ಮೇಜಿನ ಡ್ರಾಯರಿಗೆ ತಳ್ಳಿದ್ದೀರಿ. ಚಿಕ್ಕಂದಿನಿಂದ ನೀವು ಕಚ್ಚಿ ಕೊಡದೆ ಇವರು ಏನನ್ನೂ ಬಾಯಿಗೆ ಹಾಕಿದವರಲ್ಲವಂತೆ, ಈಗ ಯಾಕೆ ಹಾಕುತ್ತಾರೆ? ಡಾಕ್ಟರ್ ಸುನಿಲ್ದಾ ನಿಮ್ಮ ಆ ಕಾಗದ ತರಿಸಿ ನೋಡಿ, ಇವತ್ತು ಬೆಳಿಗ್ಗೆ ನಿಮ್ಮ ಡಾಕ್ಟರಿಗೇ ಫೋನು ಮಾಡಿ ಕೇಳಿದ್ದಾರೆ. 'ಡ್ರಾಯರು ತೆರೆದ ದಿನವೇ ಶುರು ಮಾಡ್ಲಿ, ಆ ವಾರವೇ ನನ್ನನ್ನ ಬಂದು ನೋಡ್ಲಿ' ಎಂದರಂತೆ ನಿಮ್ಮ ಡಾಕ್ಟರು. ಎಪಿಫಾನಿಯೋಗೆ ಹೇಳಿದ್ದೇನೆ, ನೀವು ಅವನ ಎದುರಿಗೆ ನುಂಗಿ ಬಾಯಿ ತೆರೆದು ತೋರಿಸುವವರೆಗೆ ಚಿಪಾ ಗಂಟು ಕೊಡಬಾರದು, ತೋರಿಸಿದ ಕೂಡಲೇ ನನಗೆ ಫೋನು ಮಾಡಬೇಕು. ಅವನ ಜೊತೆ ಜಗಳವಾಡಬೇಡಿ. ನಾಳೆ ರಾತ್ರಿ ಊಟವಾದ ಮೇಲೆ ನಾನು ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಇವರ ಪಕ್ಕದಲ್ಲೇ ಕೂತಿರುತ್ತೇನೆ. ನುಂಗಿಬಿಡಿ ಅತ್ತಿಗೆ. ಇವರಿಗೆ ನೀವು ಬೇಕು, ನನಗೆ ಇಬ್ಬರೂ ಬೇಕು.